ಕೂರಿಸುವ ಪ್ರೀತಿಯೋ, ನಡೆಸುವ ಪ್ರೀತಿಯೋ?



ಫೆಬ್ರವರಿ 11 ಲೂರ್ದು ಮಾತೆಯ ಹಬ್ಬ. ಅದೇ ದಿನ ವಿಶ್ವ ರೋಗಿಗಳ ದಿನವೂ ಹೌದು. ಜಗದ್ಗುರು ಎರಡನೇ ಜಾನ್ ಪಾಲ್‌ರವರು 1992ರಲ್ಲಿ ಈ ದಿನವನ್ನು ಘೋಷಿಸಿದರು. 1993ರಿಂದ ಧರ್ಮಸಭೆ ಇದನ್ನು ಆಚರಿಸುತ್ತಾ ಬಂದಿದೆ. ಮರುವರ್ಷ, 1994ರ ಏಪ್ರಿಲ್ ಕೊನೆಯಲ್ಲಿ, ಈ ದಿನವನ್ನು ನಮಗೆ ಕೊಟ್ಟವರೇ ಸ್ನಾನದ ಮನೆಯಲ್ಲಿ ಬಿದ್ದು ಬಲ ತೊಡೆಯ ಮೂಳೆ ಮುರಿದುಕೊಂಡರು. ರೋಮಿನ ಜೆಮೆಲ್ಲಿ ಆಸ್ಪತ್ರೆಯಲ್ಲಿ ಅವರ ಸೊಂಟಕ್ಕೆ ಕೃತಕ ಕೀಲನ್ನು ಜೋಡಿಸಲಾಯಿತು. ಆಗ ಅವರಿಗೆ 73 ವರ್ಷ. ಆಮೇಲೆ ಊರುಗೋಲು ಹಿಡಿದು ನಡೆಯುತ್ತಿದ್ದ ಅವರ ಚಿತ್ರ ನಮ್ಮಲ್ಲಿ ಅನೇಕರಿಗೆ ಇನ್ನೂ ನೆನಪಿದೆ.

ಆ ಕಾಲಕ್ಕೆ ಕೀಲು ಬದಲಾವಣೆ ಎಂದರೆ ದೊಡ್ಡವರಿಗೆ ಮಾತ್ರ ಎಟುಕುವ ಚಿಕಿತ್ಸೆ ಎಂದು ನಮ್ಮ ಜನ ತಿಳಿದಿದ್ದರು. ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿಯವರು 2000ದ ಅಕ್ಟೋಬರಿನಲ್ಲಿ ಎಡ ಮಂಡಿಗೂ 2001ರ ಜೂನ್‌ನಲ್ಲಿ ಬಲ ಮಂಡಿಗೂ ಮುಂಬೈಯಲ್ಲಿ ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಾಗ, ಅದರ ಹೆಸರು ಹಳ್ಳಿಗಳಿಗೂ ತಲುಪಿತು. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಕೃತಕ ಮಂಡಿಯ ಬೆಲೆಗೆ ಮಿತಿ ಹಾಕಿತು. ಹೆಚ್ಚು ಬಳಕೆಯಲ್ಲಿರುವ ಕೋಬಾಲ್ಟ್-ಕ್ರೋಮಿಯಂ ಮಂಡಿಗೆ ಆಗ ನಿಗದಿಯಾದ ಗರಿಷ್ಠ ಬೆಲೆ, ತೆರಿಗೆ ಬಿಟ್ಟು, 54,720 ರೂಪಾಯಿ. ಇಂದು ಮಂಡಿ ಬದಲಾಯಿಸಿಕೊಂಡವರು ಇಲ್ಲದ ಧರ್ಮಕೇಂದ್ರವೇ ಇಲ್ಲವೆನ್ನಬಹುದು. ತಿಂಗಳ ಮೊದಲ ಶುಕ್ರವಾರ ರೋಗಿಗಳಿಗೆ ಪರಮಪ್ರಸಾದ ಕೊಂಡೊಯ್ಯುವಾಗ ಕೆಲವು ಮನೆಗಳಲ್ಲಾದರೂ ಮಂಚದ ಪಕ್ಕ ವಾಕರ್ ನಿಂತಿರುತ್ತದೆ.

ನಾನು ವೈದ್ಯನಲ್ಲ. ಆದರೆ ಈ ಮನೆಗಳಲ್ಲಿ ಹಲವು ವರ್ಷ ಕಂಡದ್ದನ್ನೂ ವೈದ್ಯರು ಮತ್ತು ಫಿಸಿಯೋಥೆರಪಿಯವರು ಮತ್ತೆ ಮತ್ತೆ ಹೇಳುವುದನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಶಸ್ತ್ರಚಿಕಿತ್ಸೆಗೆ ಬೇಕಾದದ್ದು ಒಂದೆರಡು ಗಂಟೆ. ಆ ಕಾಲು ನಿಜವಾಗಿ ನಡೆಯುವ ಕಾಲಾಗುವುದು ಮುಂದಿನ ಮೂರು ತಿಂಗಳಲ್ಲಿ, ಮನೆಯಲ್ಲಿ. ಅಲ್ಲಿ ಅದನ್ನು ಕೆಡಿಸುವುದು ಹಲವು ಸಲ ನಿರ್ಲಕ್ಷ್ಯವಲ್ಲ, ನಮ್ಮ ಪ್ರೀತಿಯೇ. “ಪಾಪ, ಅಮ್ಮನಿಗೆ ನೋವು, ಮಲಗಿರಲಿ” ಎನ್ನುವ ಪ್ರೀತಿ.

ಎರಡು ಮನೆಗಳು

ಹೆಚ್ಚುಕಡಿಮೆ ಒಂದೇ ಸಮಯದಲ್ಲಿ ಮಂಡಿ ಬದಲಾಯಿಸಿಕೊಂಡ ಇಬ್ಬರು ತಾಯಂದಿರನ್ನು ನಾನು ಬಲ್ಲೆ. ಮೊದಲನೆಯವರ ಮಕ್ಕಳು ಹೊರದೇಶದಲ್ಲಿ ದುಡಿಯುವವರು. ತಾಯಿಗೆ ಯಾವುದಕ್ಕೂ ಕೊರತೆಯಾಗಬಾರದೆಂದು ಮನೆಗೇ ನರ್ಸ್ ಇಟ್ಟರು. ಊಟ ಮಂಚಕ್ಕೆ ಬಂತು, ಬೆಡ್‌ಪ್ಯಾನ್ ಮಂಚಕ್ಕೆ ಬಂತು, ಮಂಡಿಯ ಕೆಳಗೆ ಮೆತ್ತನೆಯ ದಿಂಬು ಬಂತು. ನೋವೆಂದು ಮುಖ ಹಿಂಡಿದರೆ ಅಂದಿನ ವ್ಯಾಯಾಮಕ್ಕೆ ರಜೆ. ಎರಡು ತಿಂಗಳಲ್ಲಿ ಗಾಯ ಚೆನ್ನಾಗಿ ಮಾಗಿತ್ತು, ಆದರೆ ಮಂಡಿ ಪೂರ್ತಿ ನೇರವಾಗುತ್ತಿರಲಿಲ್ಲ, ಕುರ್ಚಿಯಲ್ಲಿ ಕೂರುವಷ್ಟು ಬಾಗುತ್ತಲೂ ಇರಲಿಲ್ಲ. ವೈದ್ಯರು ಅರಿವಳಿಕೆ ಕೊಟ್ಟು ಬಿಗಿದ ಮಂಡಿಯನ್ನು ಬಾಗಿಸಬೇಕಾಯಿತು. ವ್ಯಾಯಾಮವನ್ನು ಮೊದಲಿನಿಂದ ಆರಂಭಿಸಬೇಕಾಯಿತು.

ಎರಡನೆಯವರದು ಬಡ ಮನೆ. ಮಗಳು ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗುವವಳು. ಒಂದು ವಾರ ರಜೆ ಹಾಕಿ ಜೊತೆಗಿದ್ದಳು. ಆಮೇಲೆ ಹಗಲಲ್ಲಿ ಪಕ್ಕದ ಮನೆಯವರು ಆಗಾಗ ಬಂದು ನೋಡುತ್ತಿದ್ದರು. ಶೌಚಾಲಯಕ್ಕೆ ಈ ತಾಯಿ ವಾಕರ್ ಹಿಡಿದು ತಾನೇ ನಡೆಯಬೇಕು. ನೀರು ಬೇಕಾದರೆ ಅಡುಗೆಮನೆಯವರೆಗೆ ಹೋಗಬೇಕು. ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ವ್ಯಾಯಾಮ ಮಾಡಿದ ಪ್ರತಿ ಸಲಕ್ಕೂ ಮಗಳು ಒಂದೊಂದು ಗೆರೆ ಎಳೆಸುತ್ತಿದ್ದಳು. ಎರಡು ತಿಂಗಳಲ್ಲಿ ಇವರು ಕೋಲು ಹಿಡಿದು ದೇವಾಲಯಕ್ಕೆ ಬಂದರು.

ರೋಗಿಯನ್ನು ಒಂಟಿಯಾಗಿ ಬಿಡಿ ಎಂದು ನಾನು ಹೇಳುತ್ತಿಲ್ಲ. ಮೊದಲ ವಾರಗಳಲ್ಲಿ ಯಾರಾದರೂ ಜೊತೆಗಿರುವುದು ಅಗತ್ಯ. ಎರಡನೆಯ ತಾಯಿ ಬೀಳದೆ ಉಳಿದದ್ದು ಮಗಳು ಮುಂಚೆಯೇ ಮನೆಯನ್ನು ಸಜ್ಜು ಮಾಡಿದ್ದರಿಂದ. ಮೊದಲನೆಯ ಮನೆಯಲ್ಲೂ ಪ್ರೀತಿಗೆ ಕೊರತೆ ಇರಲಿಲ್ಲ. ಆ ಪ್ರೀತಿಗೆ ದಾರಿ ತೋರಿಸುವವರು ಇರಲಿಲ್ಲ, ಅಷ್ಟೇ.

ಒಳಗೆ ಏನು ನಡೆದಿರುತ್ತದೆ?

ನಮ್ಮ ಕೀಲಿನಲ್ಲಿ ಮೂಳೆಗಳ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆ ಇರುತ್ತದೆ. ವಯಸ್ಸು, ಸಂಧಿವಾತ ಅಥವಾ ಹಳೆಯ ಪೆಟ್ಟಿನಿಂದ ಅದು ಸವೆದಾಗ ಮೂಳೆಗೆ ಮೂಳೆ ಉಜ್ಜಿ ನೋವಾಗುತ್ತದೆ. ಮಂಡಿ ಬದಲಾವಣೆ ಎಂದರೆ ಇಡೀ ಮಂಡಿಯನ್ನು ಕಿತ್ತು ತೆಗೆಯುವುದಲ್ಲ. ತೊಡೆಮೂಳೆಯ ಕೆಳತುದಿಯನ್ನೂ ಮೊಣಕಾಲ ಕೆಳಗಿನ ಮೂಳೆಯ ಮೇಲ್ತುದಿಯನ್ನೂ ತೆಳುವಾಗಿ ಕತ್ತರಿಸಿ, ಅವುಗಳಿಗೆ ಲೋಹದ ಟೋಪಿ ತೊಡಿಸಿ, ನಡುವೆ ಗಟ್ಟಿ ಪಾಲಿಥಿನ್ ತಟ್ಟೆಯನ್ನು ಇಡುತ್ತಾರೆ. ಹಲ್ಲಿಗೆ ಕ್ಯಾಪ್ ಹಾಕಿದ ಹಾಗೆ ಎಂದು ವೈದ್ಯರು ಹೇಳುವುದುಂಟು. ಸೊಂಟದಲ್ಲಿ ಒಂದು ಗುಂಡು ಮತ್ತು ಅದು ತಿರುಗುವ ಬಟ್ಟಲನ್ನು ಇಡುತ್ತಾರೆ. ಲೋಹ ಮತ್ತು ಪಾಲಿಥಿನ್ ಸೇರಿದ ಈ ಜೋಡಣೆಯನ್ನು 1962ರಲ್ಲಿ ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಸರ್ಜನ್ ಜಾನ್ ಚಾರ್ನ್‌ಲಿಯವರು ಸೊಂಟಕ್ಕೆ ಯಶಸ್ವಿಯಾಗಿ ಬಳಸಿದರು. ಇಂದಿನ ಕೃತಕ ಕೀಲುಗಳಿಗೆ ಅದೇ ಬುನಾದಿ. ಈಗಿನ ಕೃತಕ ಮಂಡಿಗಳಲ್ಲಿ ಬಹುಪಾಲು 20 ವರ್ಷ ದಾಟಿಯೂ ಬಾಳುತ್ತವೆ.

ಇಲ್ಲಿ ತಿಳಿಯಬೇಕಾದ ಮಾತು ಇದು: ಲೋಹದ ಕೀಲು ಸಾಮಾನ್ಯವಾಗಿ ಮೊದಲ ದಿನದಿಂದಲೇ ಮೈಭಾರ ಹೊರಲು ಶಕ್ತವಾಗಿರುತ್ತದೆ. ಆದ್ದರಿಂದಲೇ ವೈದ್ಯರು ಅದೇ ದಿನ ಅಥವಾ ಮರುದಿನ ರೋಗಿಯನ್ನು ಎಬ್ಬಿಸಿ ನಿಲ್ಲಿಸುತ್ತಾರೆ. ಶಕ್ತಿ ಕಳೆದುಕೊಂಡಿರುವುದು ಸುತ್ತಲಿನ ಸ್ನಾಯು. ವರ್ಷಗಟ್ಟಲೆ ನೋವಿನಿಂದ ಬಳಸದೆ ಬಿಟ್ಟ ತೊಡೆಯ ಸ್ನಾಯು ಸೊರಗಿರುತ್ತದೆ. ಅದರ ಜೊತೆಗೆ, ಗಾಯ ಮಾಗುವಾಗ ಒಳಗೂ ಗಾಯದ ನಾರು ಬೆಳೆಯುತ್ತದೆ. ಮೊದಲ ಆರು ವಾರ ಅದು ಕುಂಬಾರನ ಹಸಿ ಮಣ್ಣಿನ ಹಾಗೆ, ಬಾಗಿಸಿದಂತೆ ಬಾಗುತ್ತದೆ. ತಿಂಗಳುಗಳು ಕಳೆದರೆ ಒಣಗಿದ ಮಡಕೆಯ ಹಾಗೆ ಬಿಗಿಯುತ್ತದೆ. “ನೋವು ಪೂರ್ತಿ ಹೋದ ಮೇಲೆ ವ್ಯಾಯಾಮ ಮಾಡುತ್ತೇನೆ” ಎನ್ನುವವರು ಮಣ್ಣು ಒಣಗಿದ ಮೇಲೆ ಚಕ್ರ ತಿರುಗಿಸಲು ಹೊರಟವರು.

ಮನೆಯ ಸಿದ್ಧತೆ

ರೋಗಿ ಮನೆಗೆ ಬರುವ ಮುನ್ನವೇ ಮನೆ ಸಿದ್ಧವಾಗಿರಲಿ. ಜಗದ್ಗುರುಗಳೇ ಬಿದ್ದದ್ದು ಸ್ನಾನದ ಮನೆಯಲ್ಲಿ ಎಂಬುದನ್ನು ಮರೆಯದೆ ಅಲ್ಲಿಂದಲೇ ಆರಂಭಿಸಿ. ಕುಕ್ಕರಗಾಲಿನಲ್ಲಿ ಕೂರುವ ಶೌಚಾಲಯ ಈಗ ಆಗದು. ಕಮೋಡ್ ಇಲ್ಲದ ಮನೆಯವರು ಸರ್ಜಿಕಲ್ ಅಂಗಡಿಯಲ್ಲಿ ಸಿಗುವ ಕಮೋಡ್ ಕುರ್ಚಿಯನ್ನು ತರಲಿ, ಬಾಡಿಗೆಗೂ ಸಿಗುತ್ತದೆ. ಕಮೋಡ್ ಇದ್ದರೂ ತಗ್ಗಾಗಿದ್ದರೆ ಅದರ ಮೇಲೆ ಎತ್ತರಿಸುವ ಸೀಟು ಹಾಕಿಸಿ. ಗೋಡೆಗೆ ಹಿಡಿಕಂಬಿ ಬಡಿಸಿ. ಟವೆಲ್ ಹಾಕುವ ಕಂಬಿ ಮನುಷ್ಯನ ಭಾರ ತಡೆಯುವುದಿಲ್ಲ. ಕೂತು ಸ್ನಾನ ಮಾಡಲು ಕಾಲುಗಳಿಗೆ ರಬ್ಬರ್ ಇರುವ ಗಟ್ಟಿ ಸ್ಟೂಲ್ ಬೇಕು.

ನಮ್ಮ ಹಳೆಯ ಮನೆಗಳ ಹೊಸ್ತಿಲಿಗೆ ವಾಕರ್ ತಗುಲುತ್ತದೆ. ಅದನ್ನು ದಾಟುವ ಬಗೆಯನ್ನು ಫಿಸಿಯೋಥೆರಪಿಯವರಿಂದ ಕೇಳಿ ಕಲಿಯಿರಿ. ಕಾಲೊರಸುಗಳನ್ನು, ನೆಲದ ಮೇಲೆ ಹರಿದಾಡುವ ವೈರುಗಳನ್ನು ತೆಗೆದುಬಿಡಿ. ನೆಲ ಒರೆಸಿದ ಮೇಲೆ ಪೂರ್ತಿ ಒಣಗುವವರೆಗೆ ರೋಗಿ ಏಳಬಾರದು. ಮಂಚದಿಂದ ಶೌಚಾಲಯದವರೆಗೆ ರಾತ್ರಿಯಿಡೀ ಸಣ್ಣ ದೀಪ ಉರಿಯಲಿ. ಜಾರುವ ಹವಾಯಿ ಚಪ್ಪಲಿಯ ಬದಲು ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ ಇರಲಿ.

ನೆಲದ ಮೇಲಿನ ಹಾಸಿಗೆ ಬೇಡ, ಮಂಚ ಬೇಕು. ಕೈಯೂರಿ ಏಳಲು ತೋಳುಗಳಿರುವ, ಎತ್ತರವಾದ, ಗಟ್ಟಿ ಕುರ್ಚಿಯೊಂದು ಬೇಕು. ಮೆತ್ತನೆಯ ಸೋಫಾದಲ್ಲಿ ಒಮ್ಮೆ ಕುಸಿದರೆ ಏಳುವುದೇ ಕಷ್ಟ. ವಾಕರ್ ಹಿಡಿದಾಗ ಎರಡು ಕೈಗಳೂ ತುಂಬಿರುತ್ತವೆ. ಆದ್ದರಿಂದ ಅದರ ಮುಂದೆ ಒಂದು ಬಟ್ಟೆ ಚೀಲ ಕಟ್ಟಿ. ಮೊಬೈಲು, ಕನ್ನಡಕ, ಜಪಸರ, ನೀರಿನ ಬಾಟಲಿ ಅದರಲ್ಲಿರಲಿ.

ಮೊದಲ ಎರಡು ವಾರ

ಈ ದಿನಗಳಲ್ಲಿ ನೋವಿರುತ್ತದೆ. ಊತವಿರುತ್ತದೆ. ಮೀನಖಂಡದವರೆಗೆ ಚರ್ಮ ನೀಲಿಗಟ್ಟಿದಂತೆ ಕಾಣಬಹುದು. ರಾತ್ರಿ ನಿದ್ದೆ ಬಾರದೆ ಹೋಗಬಹುದು. “ಯಾಕಾದರೂ ಮಾಡಿಸಿಕೊಂಡೆನೋ” ಎಂದು ಕಣ್ಣೀರಿಡುವವರು ಬಹಳ ಮಂದಿ. ಮನೆಯವರು ಗಾಬರಿಯಾಗಬೇಕಿಲ್ಲ, ಈ ಹಂತ ಕಳೆಯುತ್ತದೆ. ಊತ ಮತ್ತು ಮಂಡಿಯ ಬಿಸಿ ಕೆಲವು ತಿಂಗಳವರೆಗೂ ಸ್ವಲ್ಪ ಉಳಿಯಬಹುದು. ಗಾಯದ ಹೊರಬದಿಯಲ್ಲಿ ಚರ್ಮ ಜೋಮು ಹಿಡಿದಂತಿರುವುದೂ ಒಳಗೆ ಆಗಾಗ ಟಿಕ್ ಎನ್ನುವುದೂ ಸಾಮಾನ್ಯ.

ನೋವಿನ ಮಾತ್ರೆಯನ್ನು ವೈದ್ಯರು ಬರೆದುಕೊಟ್ಟ ಹೊತ್ತಿಗೆ ತಪ್ಪದೆ ಕೊಡಿ. ತಡೆದುಕೊಳ್ಳುವುದೇ ಧೈರ್ಯ ಎಂದು ನಮ್ಮ ಹಿರಿಯರು ಭಾವಿಸುತ್ತಾರೆ. ಆದರೆ ನೋವು ತಡೆದುಕೊಳ್ಳುವವರು ವ್ಯಾಯಾಮ ಮಾಡುವುದಿಲ್ಲ. ವ್ಯಾಯಾಮಕ್ಕೆ ಅರ್ಧ ಮುಕ್ಕಾಲು ಗಂಟೆ ಮುಂಚೆ ಮಾತ್ರೆ ಬರುವಂತೆ ಹೊಂದಿಸಿಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ. ಔಷಧಿ ಅಂಗಡಿಯಿಂದ ಬೇರೆ ನೋವಿನ ಮಾತ್ರೆಯನ್ನು ನೀವಾಗಿಯೇ ತರಬೇಡಿ. ಕಿಡ್ನಿಗೂ ಹೊಟ್ಟೆಗೂ ಅದರಿಂದ ಅಪಾಯವಾಗಬಹುದು. ಕೆಲವು ಮಾತ್ರೆಗಳಿಂದ ಮಲಬದ್ಧತೆ ಆಗುತ್ತದೆ. ಶೌಚಾಲಯಕ್ಕೆ ಹೋಗಬೇಕಲ್ಲಾ ಎಂದು ಕೆಲವರು ನೀರನ್ನೇ ಕುಡಿಯುವುದಿಲ್ಲ. ಆ ನಾಲ್ಕು ಹೆಜ್ಜೆಯೂ ಔಷಧಿಯೇ ಎಂದು ಅವರಿಗೆ ಹೇಳಿ.

ಐಸ್ ಪ್ಯಾಕನ್ನು ತೆಳುವಾದ ಬಟ್ಟೆಯಲ್ಲಿ ಸುತ್ತಿ ಮಂಡಿಯ ಮೇಲೆ 15ರಿಂದ 20 ನಿಮಿಷ ಇಡಿ, ದಿನಕ್ಕೆ ಮೂರು ನಾಲ್ಕು ಸಲ. ಗಡಿಯಾರ ನೋಡುವುದು ಬೇಡವೆಂದರೆ ಒಂದು ಜಪಸರ ಮುಗಿಯುವಷ್ಟು ಹೊತ್ತು. ಮಲಗಿದಾಗ ಕಾಲನ್ನು ಎತ್ತರಿಸಲು ದಿಂಬನ್ನು ಹಿಮ್ಮಡಿಯ ಕಡೆಗೆ ಇಡಬೇಕು. ಮಂಡಿಯ ಕೆಳಗೆ ದಿಂಬಿಡುವುದು ಹಾಯೆನಿಸುತ್ತದೆ ನಿಜ, ಆದರೆ ಮಂಡಿ ಬಾಗಿದ ಸ್ಥಿತಿಯಲ್ಲೇ ಬಿಗಿಯುತ್ತದೆ. ಬಾಗದ ಮಂಡಿಯಂತೆಯೇ ನೇರವಾಗದ ಮಂಡಿಯೂ ಕುಂಟುವಂತೆ ಮಾಡುತ್ತದೆ.

ಗಾಯ ಒಣದಾಗಿರಲಿ. ಹೊಲಿಗೆ ಅಥವಾ ಪಿನ್ನುಗಳನ್ನು ಸಾಮಾನ್ಯವಾಗಿ 10ರಿಂದ 14 ದಿನಗಳಲ್ಲಿ ತೆಗೆಯುತ್ತಾರೆ. ಸ್ನಾನ ಯಾವಾಗ, ಹೇಗೆ ಎಂಬುದನ್ನು ಆಸ್ಪತ್ರೆಯವರು ಹೇಳಿದಂತೆಯೇ ಮಾಡಿ. ಬಾಣಂತಿಗೆ ಹುಯ್ದ ಹಾಗೆ ಗಾಯದ ಮೇಲೆ ಬಿಸಿನೀರು ಹುಯ್ಯುವುದು ಬೇಡ. ಅರಿಶಿನ, ಎಣ್ಣೆ, ಸೊಪ್ಪಿನ ರಸ ಯಾವುದೂ ಬೇಡ. ಊತವಿದೆ ಎಂದು ಮೀನಖಂಡವನ್ನು ನೀವುವುದು, ನಾಟಿ ವೈದ್ಯರಿಂದ ಕಟ್ಟು ಕಟ್ಟಿಸುವುದು ಇನ್ನೂ ಅಪಾಯ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ನೀವುವಾಗ ಆ ಹೆಪ್ಪು ಸಡಿಲವಾಗಿ ಶ್ವಾಸಕೋಶಕ್ಕೆ ಹೋಗಬಹುದು.

ರಕ್ತ ಹೆಪ್ಪುಗಟ್ಟದಿರಲು ವೈದ್ಯರು ಮಾತ್ರೆ ಅಥವಾ ಚುಚ್ಚುಮದ್ದನ್ನು ಕೊಟ್ಟಿರುತ್ತಾರೆ. ಸಾಮಾನ್ಯವಾಗಿ ಅದು ಎರಡರಿಂದ ಐದು ವಾರ. “ಚೆನ್ನಾಗಿದ್ದೇನಲ್ಲ” ಎಂದು ನಡುವೆ ನಿಲ್ಲಿಸಬೇಡಿ. ಎಚ್ಚರವಿರುವಾಗ ಗಂಟೆಗೊಮ್ಮೆ ಪಾದವನ್ನು ಹತ್ತಿಪ್ಪತ್ತು ಸಲ ಮೇಲಕ್ಕೂ ಕೆಳಕ್ಕೂ ಆಡಿಸುವುದು ಇದೇ ಉದ್ದೇಶಕ್ಕೆ. ಖರ್ಚಿಲ್ಲದ ಈ ವ್ಯಾಯಾಮವನ್ನು ಮೊಮ್ಮಕ್ಕಳೂ ಪಕ್ಕದಲ್ಲಿ ಕೂತು ಎಣಿಸಬಹುದು.

ಆರು ವಾರದ ತಪಸ್ಸು

ಫಿಸಿಯೋಥೆರಪಿಯವರು ಕಲಿಸುವ ವ್ಯಾಯಾಮಗಳು ನಾಲ್ಕೈದು ಮಾತ್ರ. ಮಂಡಿಯನ್ನು ಹಾಸಿಗೆಗೆ ಒತ್ತಿ ತೊಡೆಯ ಸ್ನಾಯುವನ್ನು ಬಿಗಿ ಮಾಡುವುದು. ಕಾಲನ್ನು ನೇರವಾಗಿಟ್ಟು ಸ್ವಲ್ಪ ಎತ್ತಿ ಹಿಡಿಯುವುದು. ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುತ್ತಾ ಮಂಡಿ ಬಾಗಿಸುವುದು. ಕುರ್ಚಿಯಲ್ಲಿ ಕೂತು ಕಾಲನ್ನು ಚಾಚುವುದು, ಮಡಿಸುವುದು. ಇವನ್ನು ದಿನಕ್ಕೆ ಎರಡು ಮೂರು ಸಲ ಮಾಡಬೇಕು. ಮನೆಗೆ ಬರುವ ಫಿಸಿಯೋಥೆರಪಿಯವರಿಗೆ ತಿಂಗಳುಗಟ್ಟಲೆ ಹಣ ಕೊಡಲು ಎಲ್ಲರಿಗೂ ಆಗದು. ಅಂಥವರು ಮೊದಲ ಕೆಲವು ದಿನ ಕರೆಸಿ, ಮನೆಯವರೊಬ್ಬರು ನೋಡಿ ಕಲಿತು, ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿಕೊಳ್ಳಲಿ. ಆಮೇಲೆ ಆಗಾಗ ತೋರಿಸಿ ಬಂದರೆ ಸಾಕಾಗಬಹುದು.

ಎಷ್ಟು ಬಾಗಬೇಕು? ಸುಮಾರು ಎರಡು ವಾರದ ಹೊತ್ತಿಗೆ 90 ಡಿಗ್ರಿ, ಅಂದರೆ ಕುರ್ಚಿಯಲ್ಲಿ ಕೂತಾಗ ಪಾದ ಮಂಡಿಯ ನೇರ ಕೆಳಗೆ ಬರುವಷ್ಟು. ಮೂರು ತಿಂಗಳ ಹೊತ್ತಿಗೆ 110ರಿಂದ 120 ಡಿಗ್ರಿಯವರೆಗೆ ಅನೇಕರಿಗೆ ಸಾಧ್ಯವಾಗುತ್ತದೆ. ಕುರ್ಚಿಯಿಂದ ಸಲೀಸಾಗಿ ಏಳಲು, ಮೆಟ್ಟಿಲು ಇಳಿಯಲು ಇಷ್ಟು ಬೇಕೇ ಬೇಕು. ಆರು ವಾರವಾದರೂ 90 ಡಿಗ್ರಿ ದಾಟದಿದ್ದರೆ ಸುಮ್ಮನಿರದೆ ಸರ್ಜನ್ನರನ್ನು ಕಾಣಿ. ಬಿಗಿದ ಮಂಡಿಗೆ ಬೇಗ ಸಿಕ್ಕ ಚಿಕಿತ್ಸೆಯೇ ಹೆಚ್ಚು ಫಲ ಕೊಡುತ್ತದೆ.

ನಡಿಗೆಯನ್ನೂ ಹೀಗೆಯೇ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಬೇಕು. ಮೊದಲು ಜಪಸರದ ಒಂದು ರಹಸ್ಯ ಮುಗಿಯುವಷ್ಟು ಹೊತ್ತು, ದಿನಕ್ಕೆ ಮೂರು ನಾಲ್ಕು ಸಲ. ಆಮೇಲೆ ಎರಡು ರಹಸ್ಯ, ಮೂರು ರಹಸ್ಯ. ವ್ಯಾಯಾಮದ ನಂತರ ಸ್ವಲ್ಪ ನೋವು ಸಹಜ. ಮರುದಿನವೂ ನೋವು, ಊತ ಏರಿಯೇ ಇದ್ದರೆ ನಿನ್ನೆ ಅತಿಯಾಯಿತೆಂದು ತಿಳಿದು ಪ್ರಮಾಣ ತಗ್ಗಿಸಬೇಕು, ಪೂರ್ತಿ ನಿಲ್ಲಿಸಬಾರದು. ವಾಕರ್‌ನಿಂದ ಕೋಲಿಗೆ ಬಂದಾಗ ಕೋಲನ್ನು ಹಿಡಿಯಬೇಕಾದದ್ದು ಆಪರೇಷನ್ ಆಗದ ಕಾಲಿನ ಕಡೆಯ ಕೈಯಲ್ಲಿ. ನೋವಿನ ಕಡೆಯೇ ಹಿಡಿಯುವವರು ಹೆಚ್ಚು, ಅದು ಸರಿಯಲ್ಲ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು. ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು.

ಸೊಂಟದ ಕೀಲು ಬದಲಾಯಿಸಿಕೊಂಡವರಿಗೆ ಬೇರೆಯದೇ ಎಚ್ಚರಿಕೆ ಇದೆ. ಅಲ್ಲಿ ಬಿಗಿಯುವುದಕ್ಕಿಂತ ಗುಂಡು ಬಟ್ಟಲಿನಿಂದ ಜಾರುವ ಭಯವೇ ಹೆಚ್ಚು. ಆದ್ದರಿಂದ ಅನೇಕ ಸರ್ಜನ್ನರು ಆರರಿಂದ ಹನ್ನೆರಡು ವಾರ ಮೂರು ನಿಯಮಗಳನ್ನು ಹಾಕುತ್ತಾರೆ: ಸೊಂಟವನ್ನು 90 ಡಿಗ್ರಿಗಿಂತ ಹೆಚ್ಚು ಬಾಗಿಸಬಾರದು, ಕಾಲ ಮೇಲೆ ಕಾಲು ಹಾಕಬಾರದು, ಆ ಕಾಲನ್ನು ಒಳಕ್ಕೆ ತಿರುಚಬಾರದು. ನೆಲಕ್ಕೆ ಬಿದ್ದ ವಸ್ತುವಿಗೆ ಬಗ್ಗುವುದು, ತಗ್ಗಿನ ಮಣೆಯ ಮೇಲೆ ಕೂರುವುದು ಇವೆಲ್ಲ ಇದರಲ್ಲಿ ಸೇರುತ್ತವೆ. ಮಲಗಿದಾಗ ಕಾಲುಗಳ ನಡುವೆ ದಿಂಬು ಇಡುವಂತೆಯೂ ಹೇಳುತ್ತಾರೆ. ಆಪರೇಷನ್ ಮಾಡಿದ ಬಗೆಯನ್ನು ಅವಲಂಬಿಸಿ ನಿಯಮ ಬೇರೆಯಾಗುವುದರಿಂದ ಮತ್ತೊಬ್ಬ ರೋಗಿಯನ್ನು ನೋಡಿ ಅನುಕರಿಸಬೇಡಿ.

ತಡಮಾಡಬಾರದ ಸೂಚನೆಗಳು

ಈ ಕೆಳಗಿನವುಗಳಲ್ಲಿ ಯಾವುದು ಕಂಡರೂ “ನಾಳೆ ನೋಡೋಣ” ಎನ್ನಬೇಡಿ.

1. ಒಂದು ಮೀನಖಂಡದಲ್ಲಿ ಹೊಸದಾಗಿ ನೋವು, ಮುಟ್ಟಿದರೆ ತಾಳಲಾರದ ಬಿಗಿ, ಕಾಲು ಎತ್ತರಿಸಿದರೂ ಇಳಿಯದ ಊತ. ಇದು ರಕ್ತ ಹೆಪ್ಪುಗಟ್ಟಿದ ಲಕ್ಷಣವಿರಬಹುದು.
2. ಹಠಾತ್ತನೆ ಉಸಿರುಗಟ್ಟುವುದು, ಎದೆನೋವು, ಕೆಮ್ಮಿನಲ್ಲಿ ರಕ್ತ. ಹೆಪ್ಪು ಶ್ವಾಸಕೋಶ ಸೇರಿರಬಹುದು. ಕೂಡಲೇ 108ಕ್ಕೆ ಕರೆ ಮಾಡಿ.
3. 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿ ಇಳಿಯದ ಜ್ವರ, ಚಳಿ ನಡುಕ. ಗಾಯದ ಸುತ್ತ ದಿನದಿಂದ ದಿನಕ್ಕೆ ಹೆಚ್ಚುವ ಕೆಂಪು, ಕೀವು, ದುರ್ವಾಸನೆ, ನಿಲ್ಲದ ಸೋರಿಕೆ.
4. ಬಿದ್ದ ನಂತರ ಕಾಲೂರಲು ಆಗದಿರುವುದು; ಸೊಂಟದ ಆಪರೇಷನ್ ಆದವರಲ್ಲಿ ಕಾಲು ಇದ್ದಕ್ಕಿದ್ದಂತೆ ಗಿಡ್ಡವಾಗಿ, ತಿರುಚಿದಂತೆ ಕಾಣುವುದು.

ಸಕ್ಕರೆ ಕಾಯಿಲೆ ಇರುವವರು ಈ ತಿಂಗಳುಗಳಲ್ಲಿ ಅದನ್ನು ಹತೋಟಿಯಲ್ಲಿಡಲೇಬೇಕು. ಸಕ್ಕರೆ ಏರಿದರೆ ಗಾಯ ಮಾಗುವುದಿಲ್ಲ, ಸೋಂಕು ಬೇಗ ತಗಲುತ್ತದೆ. ವರ್ಷಗಳು ಕಳೆದ ಮೇಲೂ ದೇಹದ ಬೇರೆಡೆಯ ಸೋಂಕು ರಕ್ತದ ಮೂಲಕ ಕೃತಕ ಕೀಲಿಗೆ ತಲುಪಬಹುದು. ಹಲ್ಲಿನ ಕೀವು, ಮೂತ್ರದ ಉರಿ, ಕಾಲಿನ ಹುಣ್ಣು ಇವನ್ನು ಅಲಕ್ಷಿಸಬೇಡಿ. ಹಲ್ಲಿನ ಡಾಕ್ಟರ ಬಳಿ ಹೋದಾಗ ಕೀಲು ಬದಲಾಯಿಸಿರುವುದನ್ನು ತಿಳಿಸಿ.

ನಂಜು, ಪಥ್ಯ ಮತ್ತು ನೋಡಲು ಬರುವವರು

ನಮ್ಮವರಲ್ಲಿ ಗಾಯವಾದವರಿಗೆ ಮೊಟ್ಟೆ, ಮೀನು, ಬದನೆಕಾಯಿ ನಂಜು ಎಂದು ನಿಲ್ಲಿಸಿ ಬರೀ ಗಂಜಿ, ತಿಳಿಸಾರು ಕೊಡುವ ರೂಢಿ ಇದೆ. ಆದರೆ ಗಾಯ ಮಾಗಲು, ಸೊರಗಿದ ಸ್ನಾಯು ಮತ್ತೆ ತುಂಬಿಕೊಳ್ಳಲು ಬೇಕಾದದ್ದೇ ಪ್ರೋಟೀನು. ಮೊಟ್ಟೆ, ಮೀನು, ಬೇಳೆ, ಹಾಲು, ಮೊಳಕೆಕಾಳು ಧಾರಾಳವಾಗಿ ಕೊಡಿ. ಕಿಡ್ನಿ ತೊಂದರೆಯಂಥ ಬೇರೆ ಕಾರಣಕ್ಕೆ ವೈದ್ಯರು ಬೇಡವೆಂದಿದ್ದರೆ ಮಾತ್ರ ಅವರ ಮಾತಿನಂತೆ ನಡೆಯಿರಿ.

ನೋಡಲು ಹೋಗುವವರಿಗೂ ಒಂದು ಮಾತು. ರೋಗಿಯನ್ನು ಸಂದರ್ಶಿಸುವುದು ಪುಣ್ಯಕಾರ್ಯ. ಆದರೆ ಅಲ್ಲಿ ಕೂತು “ನಮ್ಮ ಭಾವನಿಗೆ ಆಪರೇಷನ್ ಫೇಲಾಯಿತು” ಎಂಬ ಕಥೆ ಹೇಳುವುದರಲ್ಲಿ ಯಾವ ಪುಣ್ಯವೂ ಇಲ್ಲ. ನೆಗಡಿ, ಕೆಮ್ಮು ಇದ್ದರೆ ಮನೆಯಲ್ಲೇ ಇರಿ. ಹೋದರೆ ಅವರ ಜೊತೆ ಅಂಗಳದವರೆಗೆ ನಾಲ್ಕು ಹೆಜ್ಜೆ ನಡೆದು ಬನ್ನಿ. ಸೇಬು, ಕಿತ್ತಳೆಗಿಂತ ದೊಡ್ಡ ಕಾಣಿಕೆ ಅದು.

ಆರೈಕೆ ಮಾಡುವವರನ್ನೂ ನೆನೆಯೋಣ. ಹೆಚ್ಚಿನ ಮನೆಗಳಲ್ಲಿ ಈ ಭಾರ ಒಬ್ಬ ಸೊಸೆಯ ಅಥವಾ ಒಬ್ಬ ಮಗಳ ಹೆಗಲ ಮೇಲೆ ಬೀಳುತ್ತದೆ. ಅಡುಗೆ, ಮಾತ್ರೆ, ಸ್ನಾನ, ರಾತ್ರಿಯ ಎಚ್ಚರ ಎಲ್ಲವೂ ಅವಳದೇ. ವ್ಯಾಯಾಮ ಮಾಡಿಸಲು ಹೋದರೆ “ಕಟುಕಿ” ಎಂಬ ಮಾತೂ ಅವಳಿಗೇ. ಗಂಡುಮಕ್ಕಳೇ, ದಿನಕ್ಕೆ ಒಂದು ಹೊತ್ತಿನ ವ್ಯಾಯಾಮ ನಿಮ್ಮ ಪಾಲಿಗಿರಲಿ. ಒಂದು ರಾತ್ರಿಯ ಎಚ್ಚರವೂ ನಿಮ್ಮದಾಗಿರಲಿ. ಹಿರಿಯರೇ, ನಿಮ್ಮನ್ನು ಬಲವಂತವಾಗಿ ಎಬ್ಬಿಸುವ ಸೊಸೆಯ ಮೇಲೆ ಮುನಿಯಬೇಡಿ. ನೀವು ಅವಳ ಕೈ ಹಿಡಿಯದೆ ನಡೆಯುವ ದಿನಕ್ಕಾಗಿ ಅವಳು ಇಂದು ನಿಮ್ಮ ಕೈ ಹಿಡಿದಿದ್ದಾಳೆ.

ದೇವಾಲಯಕ್ಕೆ ಬರುವಾಗ

ಅನೇಕ ಹಿರಿಯರು ನನ್ನನ್ನು ಸಂಕೋಚದಿಂದ ಕೇಳುತ್ತಾರೆ: “ಫಾದರ್, ಇನ್ನು ನಾನು ಮೊಣಕಾಲೂರಬಹುದೇ? ಕೂತೇ ಇದ್ದರೆ ದೇವರಿಗೆ ಅಪಚಾರವೇ?” ಗಾಯ ಪೂರ್ತಿ ಮಾಗಿದ ಮೇಲೆ ಮೊಣಕಾಲೂರಿದರೆ ಸಾಮಾನ್ಯವಾಗಿ ಕೃತಕ ಮಂಡಿಗೆ ಹಾನಿಯಿಲ್ಲ ಎನ್ನುತ್ತಾರೆ ವೈದ್ಯರು. ಆದರೆ ಗಾಯದ ಗುರುತಿನ ಮೇಲೆ ಭಾರ ಬಿದ್ದಾಗ ಚುಚ್ಚುತ್ತದೆ. ಅನೇಕರಿಗೆ ಆಗುವುದೇ ಇಲ್ಲ. ನಿಮ್ಮ ಸರ್ಜನ್ನರನ್ನು ಕೇಳಿಯೇ ಮುಂದುವರಿಯಿರಿ. ಧರ್ಮಸಭೆಯ ಪೂಜಾವಿಧಿಯ ನಿಯಮವೇ ಆರೋಗ್ಯದ ಕಾರಣವಿರುವವರಿಗೆ ಮೊಣಕಾಲೂರುವುದರಿಂದ ವಿನಾಯಿತಿ ಕೊಟ್ಟಿದೆ. ಕೂತು ಅಥವಾ ನಿಂತು ತಲೆಬಾಗಿದರೆ ಸಾಕು. ಅದರಲ್ಲಿ ಅಪಚಾರವೇನೂ ಇಲ್ಲ.

ವೇಳಾಂಕಣ್ಣಿಯ ಮರಳ ಹಾದಿಯಲ್ಲಿ ಮಂಡಿಯ ಮೇಲೆ ನಡೆಯುವ ಹರಕೆಯನ್ನು ಕೆಲವರು ಹೊತ್ತಿರುತ್ತಾರೆ. “ಕಾಲು ಸರಿಯಾದರೆ ಮಂಡಿಯ ಮೇಲೆ ಬರುತ್ತೇನೆ” ಎಂದು ಆಪರೇಷನ್ನಿಗೆ ಮುಂಚೆಯೇ ಹರಸಿಕೊಂಡವರೂ ಇದ್ದಾರೆ. ದಯವಿಟ್ಟು ನಿಮ್ಮ ಗುರುಗಳ ಬಳಿ ಮಾತನಾಡಿ. ಹರಕೆಯನ್ನು ಬೇರೊಂದು ಸತ್ಕಾರ್ಯಕ್ಕೆ ಬದಲಾಯಿಸಿಕೊಡಲು ಧರ್ಮಸಭೆಯಲ್ಲಿ ಅವಕಾಶವಿದೆ. ವಾಕರ್ ಕೊಳ್ಳಲಾಗದ ಒಬ್ಬ ಬಡವನಿಗೆ ವಾಕರ್ ಕೊಡಿಸಿದರೆ ಮಾತೆ ಬೇಡವೆನ್ನುವರೇ?

ಧರ್ಮಕೇಂದ್ರಗಳೂ ಮಾಡಬೇಕಾದದ್ದಿದೆ. ಬಲಿಪೂಜೆಗೆ ಬರುವ ದಾರಿಯಲ್ಲಿ ಒಂದು ಇಳಿಜಾರು, ಮೆಟ್ಟಿಲಿಗೆ ಒಂದು ಹಿಡಿಕಂಬಿ, ಬದಿಯಲ್ಲಿ ತೋಳಿರುವ ನಾಲ್ಕು ಗಟ್ಟಿ ಕುರ್ಚಿ ಇವು ದೊಡ್ಡ ಖರ್ಚೇನಲ್ಲ. ಕೆಲಸ ಮುಗಿದ ವಾಕರ್, ಕೋಲು, ಕಮೋಡ್ ಕುರ್ಚಿಗಳು ಎಷ್ಟೋ ಮನೆಗಳ ಅಟ್ಟದಲ್ಲಿ ಧೂಳು ತಿನ್ನುತ್ತಿವೆ. ಅವನ್ನು ಒಂದೆಡೆ ಕೂಡಿಸಿ ಬೇಕಾದವರಿಗೆ ಎರವಲು ಕೊಡುವ ಕೆಲಸವನ್ನು ನಮ್ಮ ಯುವಜನರಾಗಲಿ, ಸಂತ ವಿನ್ಸೆಂಟ್ ಡಿ ಪಾಲ್ ಸಂಘದವರಾಗಲಿ ಸುಲಭವಾಗಿ ಮಾಡಬಹುದು. ಮನೆಗೆ ಪರಮಪ್ರಸಾದ ತರಿಸಿಕೊಳ್ಳಲು ಸಂಕೋಚ ಬೇಡ. ನಾಲ್ಕಾರು ವಾರ ನಾವೇ ಬರುತ್ತೇವೆ. ಆಮೇಲೆ ನೀವೇ ಬರಬೇಕು. ಭಾನುವಾರದ ಪೂಜೆಗೆ ಹೋಗಬೇಕೆಂಬ ಆಸೆಗಿಂತ ಒಳ್ಳೆಯ ವ್ಯಾಯಾಮದ ಗುರಿ ನನಗೆ ತಿಳಿದಿಲ್ಲ.

ಪ್ರಿಯರೇ, ಮಗು ನಡೆಯಲು ಕಲಿಯುವಾಗ ನಾವು ಎರಡು ಹೆಜ್ಜೆ ದೂರ ನಿಂತು ಕೈ ಚಾಚುತ್ತೇವೆ. ಬೀಳದಂತೆ ನೋಡಿಕೊಳ್ಳುತ್ತೇವೆ, ಆದರೆ ಎತ್ತಿಕೊಂಡೇ ತಿರುಗುವುದಿಲ್ಲ. ನಮಗೆ ಹಾಗೆ ನಡೆಯಲು ಕಲಿಸಿದವರೇ ಇಂದು ವಾಕರ್ ಹಿಡಿದು ನಿಂತಿದ್ದಾರೆ. ಈ ರೋಗಿಗಳ ದಿನದಂದು ಅವರಿಗಾಗಿ ಪ್ರಾರ್ಥಿಸೋಣ. ಪ್ರಾರ್ಥನೆ ಮುಗಿದ ಮೇಲೆ ಅವರ ಮಂಚದ ಬಳಿ ಹೋಗಿ, ಮಂಡಿಯ ಕೆಳಗಿನ ದಿಂಬನ್ನು ತೆಗೆದು, “ಏಳಮ್ಮ, ಬಾಗಿಲವರೆಗೆ ಹೋಗಿ ಬರೋಣ” ಎನ್ನೋಣ.